ಪಥ್ಯ ಅಂದರೆ ಬಿಡೋದಲ್ಲ

ಜ್ವರ ಬಂದಾಗ ನನಗೆ ಭಯವಾಗಿರಲಿಲ್ಲ. ಕುಕ್ಕರಿನ ಮುಚ್ಚಳ ತೆಗೆಯಲಾಗದ ದಿನ ಭಯವಾಯಿತು.

ಹೋದ ವರ್ಷ ದುರ್ಗಾಪೂಜೆ ಮುಗಿದು, ನಮ್ಮ ಬ್ಲಾಕಿನ ಪೆಂಡಾಲಿನ ಬಿದಿರು ಬಿಚ್ಚುತ್ತಿದ್ದ ವಾರ ಅದು. ಆ ದಿನಗಳಲ್ಲಿ ನ್ಯೂ ಟೌನಿನಲ್ಲಿ ಯಾರಿಗೆ ಮೈ ಬಿಸಿಯಾದರೂ ಎದುರಿಗೆ ಸಿಕ್ಕವರು ಕೇಳುವುದು ಒಂದೇ ಮಾತು: "ಡೆಂಗು ನಾಕಿ?" ಅರ್ಧ ಕಟ್ಟಿ ನಿಲ್ಲಿಸಿದ ಕಟ್ಟಡಗಳು, ಬಾಲ್ಕನಿಯ ಹೂಕುಂಡಗಳ ತಟ್ಟೆ, ಏಸಿಯಿಂದ ತೊಟ್ಟಿಕ್ಕುವ ನೀರು. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಇಲ್ಲಿ ಮನೆಗಳಿಗೆ ಬರವಿಲ್ಲ. ನನ್ನ ರಕ್ತಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದು ಬಂತು, ಚಿಕೂನ್‌ಗುನ್ಯಾ ಇದೆಯೆಂದು ಬಂತು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಈ ಮಾತನ್ನು ಮನೆಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಐದನೇ ದಿನ ಜ್ವರ ಬಿಟ್ಟಿತು. ನೋವು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ, ಪಾದ ನೆಲಕ್ಕೂರಿದರೆ ಗಾಜಿನ ಚೂರಿನ ಮೇಲೆ ನಿಂತಂತೆ. ನಲ್ಲಿ ತಿರುಗಿಸಲು ಎರಡು ಕೈ ಬೇಕು. ಲ್ಯಾಪ್‌ಟಾಪಿನಲ್ಲಿ ಒಂದು ಮೇಲ್ ಬರೆದರೆ ಮಣಿಕಟ್ಟು ಉರಿಯುತ್ತಿತ್ತು. ಮೂರನೇ ವಾರ, ಗಂಡ ಆಫೀಸಿಗೆ ಹೋಗಿದ್ದ ಮಧ್ಯಾಹ್ನ, ಅನ್ನ ಬೆಂದ ಕುಕ್ಕರನ್ನು ಎದುರಿಗಿಟ್ಟುಕೊಂಡು ಮುಚ್ಚಳ ತೆಗೆಯಲಾಗದೆ ಕೂತಿದ್ದೆ. ಅದೇ ಹೊತ್ತಿಗೆ ಊರಿನಿಂದ ಅಮ್ಮನ ಫೋನು ಬಂತು.

"ಪಥ್ಯ ಮಾಡ್ತಿದ್ದೀಯೇನೇ? ಮೊಟ್ಟೆ, ಕೋಳಿ ನಂಜು. ಬೇಳೆ ವಾಯು. ಮೊಸರು ಶೀತ. ಯಾವ್ದೂ ಬ್ಯಾಡ. ಗಂಜಿ ಕುಡ್ಕಂಡು ಮಲಕ್ಕೋ."

ಅಂದೇ ಸಂಜೆ ಎದುರು ಮನೆಯ ಬೌದಿ ಸ್ಟೀಲ್ ಡಬ್ಬಿ ಹಿಡಿದು ಬಂದರು. ಒಳಗೆ ನೀರಿನಂಥ ಹಳದಿ ಸಾರು, ಬಾಳೆಕಾಯಿ, ಪರಂಗಿಕಾಯಿ ಹೋಳು, ಎರಡು ತುಂಡು ಶಿಂಗಿ ಮೀನು. "ಪೊತ್ಥೊ ತಂದಿದ್ದೇನೆ, ಬಿಸಿಯಿದ್ದಾಗಲೇ ತಿನ್ನು" ಎಂದರು.

ಪೊತ್ಥೊ ಎಂದರೆ ನಮ್ಮ ಪಥ್ಯವೇ. ಪದ ಒಂದೇ, ಅರ್ಥ ತಲೆಕೆಳಗು. ನಮ್ಮ ಕಡೆ "ಪಥ್ಯದಲ್ಲಿದ್ದೀನಿ" ಎಂದರೆ ಏನನ್ನೋ ಬಿಟ್ಟಿದ್ದೀನಿ ಎಂದು ಅರ್ಥ. ಇಲ್ಲಿ "ಓಷುಧ್-ಪೊತ್ಥೊ" ಎಂದು ಜೋಡಿಯಾಗಿ ಹೇಳುತ್ತಾರೆ. ಔಷಧ ಕೊಡುವಂತೆಯೇ ಪಥ್ಯವನ್ನೂ ರೋಗಿಗೆ ಕೊಡಬೇಕು, ಅದು ತರುವ, ಬೇಯಿಸುವ, ಬಡಿಸುವ ವಸ್ತು. ಶಿಂಗಿ, ಮಾಗುರ್ ಮೀನನ್ನು ಬಜಾರಿನಲ್ಲಿ ನೀರಿನ ಪಾತ್ರೆಯಲ್ಲಿ ಜೀವಂತ ಇಟ್ಟು ಮಾರುತ್ತಾರೆ, ರೋಗಿಗೆಂದೇ ಹುಡುಕಿ ಕೊಳ್ಳುವವರಿದ್ದಾರೆ. ಸಂಸ್ಕೃತದ ಮೂಲಾರ್ಥಕ್ಕೂ ಅದೇ ಹತ್ತಿರ: ದಾರಿಗೆ ಹಿತವಾದದ್ದು. ಬಿಡುವುದೊಂದೇ ಪಥ್ಯವೆಂದು ನಾವು ಯಾವಾಗ ಅಂದುಕೊಂಡೆವೋ ಗೊತ್ತಿಲ್ಲ.

ಈ ಸಲದ ಅಂಕಣ ಆ ಡಬ್ಬಿಯ ಬಗ್ಗೆ, ಮತ್ತು ಇಪ್ಪತ್ತು ವರ್ಷದ ಹಿಂದೆ ನಾನೇ ಅಮ್ಮನಿಗೆ ಮಾಡಿಸಿದ ಪಥ್ಯದ ಬಗ್ಗೆ.

ಚಿಕೂನ್‌ಗುನ್ಯಾ ಎಂಬುದು ಆಫ್ರಿಕಾದ ಮಕೊಂಡೆ ಜನರ ಭಾಷೆಯ ಪದ, ನೋವಿಗೆ ಮೈ ಬಾಗಿಸುವಂಥದ್ದು ಎಂದು ಅರ್ಥ. 1952-53ರಲ್ಲಿ ಈಗಿನ ಟಾಂಜಾನಿಯಾದ ದಕ್ಷಿಣದಲ್ಲಿ ಇದನ್ನು ಗುರುತಿಸಿದರು. ಭಾರತದಲ್ಲಿ ಮೊದಲು ಗುರುತಿಸಿದ್ದು ಎಲ್ಲಿ ಗೊತ್ತೇ? ಇದೇ ಕೋಲ್ಕತ್ತದಲ್ಲಿ, 1963ರಲ್ಲಿ. ಆಮೇಲೆ ಮದ್ರಾಸಿನ ಕಡೆ ಹೋಯಿತು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿತು, ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸದ್ದಿಲ್ಲ. 2005ರ ಕೊನೆಗೆ ಮರಳಿ ಬಂದಾಗ ಅತಿ ಹೆಚ್ಚು ಪೆಟ್ಟು ತಿಂದದ್ದು ಕರ್ನಾಟಕ. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳ ಲೆಕ್ಕ ಸಿಕ್ಕಿತು, ಅದರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಮ್ಮ ರಾಜ್ಯದವು.

ಆ ಏಳೂವರೆ ಲಕ್ಷದಲ್ಲಿ ಅಮ್ಮನೂ ಒಬ್ಬಳು. ಲೆಕ್ಕಕ್ಕೆ ಸಿಕ್ಕಿದ್ದಳೋ ಇಲ್ಲವೋ, ಅದು ಬೇರೆ ಮಾತು. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಆ ವರ್ಷ ಹಾಲು ಕರೆಯಲು ಜನ ಇಲ್ಲದ ಮನೆಗಳಿದ್ದವು. ಗೋಡೆ ಹಿಡಿದುಕೊಂಡು ನಡೆಯುವವರು, ಕೂತರೆ ಏಳಲಾಗದವರು. ಹೆಸರು ಹೊಸದು, ಬಾಯಿಗೆ ಬಂದದ್ದು "ಚಿಕನ್ ಗುನ್ಯಾ". ಹೆಸರಿನಲ್ಲೇ ಕೋಳಿ ಇದೆಯಲ್ಲ ಎಂದು ಕೋಳಿ, ಮೊಟ್ಟೆ ಎರಡನ್ನೂ ಬಿಟ್ಟ ಮನೆಗಳು ನಮ್ಮ ಬೀದಿಯಲ್ಲೇ ನಾಲ್ಕಾರಿದ್ದವು. ಕೋಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ.

ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ರಜೆ ಹಾಕಿ ಊರಿಗೆ ಹೋಗಿ ಅಡಿಗೆಮನೆ ವಹಿಸಿಕೊಂಡೆ. ಓದಿದ ಮಗಳು ಬಂದಿದ್ದಾಳೆ ಎಂದು ಎಲ್ಲರಿಗೂ ಧೈರ್ಯ. ನಾನು ಮಾಡಿದ್ದೇನು? ಮೊಟ್ಟೆಯನ್ನು ಪಕ್ಕದ ಮನೆಗೆ ಕೊಟ್ಟೆ. ಬೇಳೆ ಹಾಕದ ತಿಳಿಸಾರು ಮಾಡಿದೆ. ಮೊಸರು ಬೇಡವೆಂದೆ. ದಿನಕ್ಕೆ ಮೂರು ಹೊತ್ತು ಅಕ್ಕಿ ಗಂಜಿ, ನೆಂಚಿಕೊಳ್ಳಲು ಉಪ್ಪಿನಕಾಯಿ. "ಎದ್ದೇಳಬೇಡಮ್ಮಾ, ಮಲಗಿರು" ಎಂದು ನೀರನ್ನೂ ಹಾಸಿಗೆಗೇ ತಂದುಕೊಟ್ಟೆ. ರಜೆ ಮುಗಿದು ಹೊರಡುವಾಗ ಚಿಕ್ಕಮ್ಮನಿಗೂ ಇದನ್ನೇ ಒಪ್ಪಿಸಿ ಬಂದೆ. ಆ ಪಥ್ಯ ಮೂರು ತಿಂಗಳು ನಡೆಯಿತು. ಮಧ್ಯೆ ಯಾರೋ ಒಬ್ಬರು ಊರಿಗೆ ಬಂದು ಸೂಜಿ ಹಾಕುತ್ತಿದ್ದರಂತೆ. ಹಾಕಿಸಿಕೊಂಡ ದಿನ ಓಡಾಡುವಷ್ಟು ಹಗುರ, ವಾರ ಕಳೆದರೆ ಮತ್ತೆ ಅದೇ. ಸ್ಟೆರಾಯ್ಡ್ ಇದ್ದಿರಬೇಕು. ಅಂಥ ಔಷಧವನ್ನು ಅಳತೆಯಿಲ್ಲದೆ ಕೊಟ್ಟು ನಿಲ್ಲಿಸಿದರೆ ನೋವು ಮರುಕಳಿಸುತ್ತದೆ.

ಅಮ್ಮ ಗುಣವಾದಳು. ಆದರೆ ಆಮೇಲೆ ಎಂದೂ ಮೊಣಕಾಲಿಗೆ ಕೈ ಊರದೆ ಎದ್ದದ್ದನ್ನು ನಾನು ನೋಡಿಲ್ಲ. ಈಳಿಗೆಮಣೆಯ ಮುಂದೆ ಕೂರುವುದನ್ನು ಬಿಟ್ಟಳು. "ಆ ಜ್ವರ ನನ್ ಶಕ್ತಿನೆಲ್ಲಾ ತಗಂಡೋಯ್ತು" ಎನ್ನುತ್ತಿದ್ದಳು. ನಾನೂ ಹಾಗೇ ನಂಬಿದ್ದೆ.

ನಂಬಿಕೆ ಅಲುಗಾಡಿದ್ದು ಇಲ್ಲಿ, ಆಕ್ಷನ್ ಏರಿಯಾ ಒಂದರ ಸಣ್ಣ ಕ್ಲಿನಿಕ್ಕಿನಲ್ಲಿ. ಡಾಕ್ಟರು ನನ್ನನ್ನು ಅಲ್ಲಿನ ಫಿಸಿಯೊಥೆರಪಿಸ್ಟ್ ಹತ್ತಿರ ಕಳಿಸಿದ್ದರು. ಚಿಕ್ಕ ವಯಸ್ಸಿನ ಹುಡುಗಿ. ಕೈ ಹಿಡಿದು ನೋಡುವ ಮೊದಲೇ ಕೇಳಿದ್ದು, "ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ?"

ಗಂಜಿ ಎಂದೆ. ಆಕೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಒಂದು ಬಟ್ಟಲು ಗಂಜಿಗೆ ಸುಮಾರು 40 ಗ್ರಾಂ ಅಕ್ಕಿ, ಅದರಲ್ಲಿ ಮೂರು ಗ್ರಾಂ ಪ್ರೋಟೀನು. ಮೂರು ಹೊತ್ತಿಗೆ ಒಂಬತ್ತು. ಆರೋಗ್ಯವಾಗಿರುವವರಿಗೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಶಿಫಾರಸು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ನನ್ನ ತೂಕ 58 ಕಿಲೋ, ಅಂದರೆ 48 ಗ್ರಾಂ. ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ, ಅದರಲ್ಲೂ ವಯಸ್ಸಾದವರಿಗೆ, 1.2 ಗ್ರಾಂ ಅಥವಾ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಅಂದರೆ ನನಗೆ 70. ಬೇಕಾದದ್ದು ಎಪ್ಪತ್ತು, ಹೋಗುತ್ತಿರುವುದು ಒಂಬತ್ತು.

"ಉಳಿದದ್ದನ್ನು ದೇಹ ಎಲ್ಲಿಂದ ತೆಗೆದುಕೊಳ್ಳುತ್ತೆ ಗೊತ್ತಾ?" ಎಂದು ನನ್ನ ತೊಡೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲಿಂದ."

ಜ್ವರದಲ್ಲಿ ದೇಹ ತನ್ನ ಸ್ನಾಯುವನ್ನೇ ಒಡೆದು ಖರ್ಚು ಮಾಡುತ್ತದೆ. ಅದರ ಮೇಲೆ ತಿನ್ನದಿದ್ದರೆ ನಷ್ಟ ದುಪ್ಪಟ್ಟು, ಮಲಗಿಯೇ ಇದ್ದರೆ ಮುಪ್ಪಟ್ಟು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿಟ್ಟು ನೋಡಿದ್ದರು. ಹತ್ತು ದಿನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಜ್ವರವಿಲ್ಲದೆ, ಹಸಿವಿಲ್ಲದೆ, ಬರೀ ಮಲಗಿದ್ದಕ್ಕೆ.

ಕೇಳುತ್ತಾ ಕೇಳುತ್ತಾ ನನ್ನ ಕಣ್ಣಿಗೆ ಬಂದದ್ದು 2006ರ ನಮ್ಮ ಮನೆಯ ಹಾಸಿಗೆ. ಮೂರು ತಿಂಗಳು. ಅಮ್ಮನ ಶಕ್ತಿ ಹೋದದ್ದರಲ್ಲಿ ರೋಗದ ಪಾಲೆಷ್ಟು, ನನ್ನ ಗಂಜಿಯ ಪಾಲೆಷ್ಟು ಎಂದು ಈಗ ಯಾರೂ ಹೇಳಲಾರರು. ನನ್ನ ಪಾಲೂ ಇತ್ತು ಎನ್ನುವುದು ಮಾತ್ರ ಗೊತ್ತು.

ಅಮ್ಮ ಮುಂದಿನ ವಾರವೇ ಬಂದಿಳಿದಳು. ಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ಮೆಣಸು. ನನಗೆ ಪಥ್ಯ ಮಾಡಿಸಲೆಂದೇ ಬಂದವಳು. ಬಂದ ದಿನ ಫ್ರಿಜ್ಜಿನಲ್ಲಿ ಮೊಟ್ಟೆ ನೋಡಿ ಮುಖ ಗಂಟಿಕ್ಕಿದಳು. ನಾನು ವಾದ ಮಾಡಲಿಲ್ಲ. ಫಿಸಿಯೊ ಹುಡುಗಿ ನನಗೆ ಮಾಡಿಸಿದ ಪರೀಕ್ಷೆಯನ್ನು ಅವಳಿಗೂ ಮಾಡಿಸಿದೆ.

ಬಲು ಸರಳ ಪರೀಕ್ಷೆ. ಗೋಡೆಗೆ ಒತ್ತಿಟ್ಟ, ಕೈಹಿಡಿಯಿಲ್ಲದ ಕುರ್ಚಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಬೇಕು. ಬೀಳದಂತೆ ಪಕ್ಕದಲ್ಲಿ ಒಬ್ಬರಿರಬೇಕು. 65ರಿಂದ 69 ವಯಸ್ಸಿನ ಹೆಂಗಸರಿಗೆ 11, ಗಂಡಸರಿಗೆ 12, ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಎಣಿಕೆ. 70ರಿಂದ 74ರ ಹೆಂಗಸರಿಗೆ 10. ಎಪ್ಪತ್ತೊಂದರ ಅಮ್ಮ ಐದು ಸಲ ಎದ್ದಳು. ಆರನೆಯದಕ್ಕೆ ಕೈ ತಾನಾಗಿ ಮೊಣಕಾಲಿಗೆ ಬಂತು. ನನ್ನದು ಎಂಟು. ನಲವತ್ತೆರಡರ ವಯಸ್ಸಿಗೆ ಅದು ಅಮ್ಮನ ಐದಕ್ಕಿಂತ ದೊಡ್ಡ ನಾಚಿಕೆ.

"ನಿಂದೂ ಅಷ್ಟಕ್ಕಷ್ಟೇ" ಎಂದು ನಕ್ಕಳು ಅಮ್ಮ. ಅಲ್ಲಿಂದ ಇಬ್ಬರಿಗೂ ಒಟ್ಟಿಗೇ ಪಥ್ಯ ಶುರುವಾಯಿತು, ಪೊತ್ಥೊ ಅರ್ಥದ ಪಥ್ಯ.

ಊಟದ ವಿಷಯ ಮೊದಲು ಹೇಳುತ್ತೇನೆ. ರಾಗಿ ತಿಂದರೆ ಸಾಕು, ಉಳಿದದ್ದೇನೂ ಬೇಡ ಎನ್ನುವ ಅಭಿಮಾನ ನಮ್ಮ ಕಡೆಯವರಿಗಿದೆ, ನನಗೂ ಇತ್ತು. ರಾಗಿಯ ದೊಡ್ಡಸ್ತಿಕೆ ಕ್ಯಾಲ್ಸಿಯಂನಲ್ಲಿ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಪ್ರೋಟೀನಿನಲ್ಲಿ ಅದು ಅಕ್ಕಿಯಷ್ಟೇ, ನೂರಕ್ಕೆ ಏಳು. ಹಾಗಾಗಿ ಬರೀ ನೀರಂಬಲಿ ಸಾಲದು, ಅದಕ್ಕೆ ಹಾಲೋ ಮಜ್ಜಿಗೆಯೋ ಸೇರಬೇಕು, ಮುದ್ದೆಗೆ ಗಟ್ಟಿ ಕಾಳಿನ ಸಾರು ಬೇಕು. ನಮ್ಮ ಅಜ್ಜಿಯರು ಮುದ್ದೆಗೆ ಹುರುಳಿ ಬಸ್ಸಾರು ಜೊತೆ ಮಾಡಿದ್ದು ಸುಮ್ಮನೆ ಅಲ್ಲ. ಹುರುಳಿಯಲ್ಲಿ ನೂರಕ್ಕೆ 20 ಗ್ರಾಂಗೂ ಮೇಲೆ ಪ್ರೋಟೀನಿದೆ. ಆದರೆ ಬಸಿದ ಕಟ್ಟನ್ನು ರೋಗಿಗೆ ಕೊಟ್ಟು ಕಾಳನ್ನು ಬೇರೆಯವರು ತಿಂದರೆ ಪ್ರಯೋಜನವಿಲ್ಲ. ಪ್ರೋಟೀನು ಹೆಚ್ಚಾಗಿ ಇರುವುದು ಕಾಳಿನಲ್ಲೇ.

ನಮ್ಮ ದಿನ ಹೀಗಿತ್ತು. ಬೆಳಿಗ್ಗೆ ಒಂದು ಲೋಟ ಹಾಲು ಹಾಕಿದ ರಾಗಿ ಅಂಬಲಿ, ಎರಡು ಬೇಯಿಸಿದ ಮೊಟ್ಟೆ: ಸುಮಾರು 20 ಗ್ರಾಂ. ಹನ್ನೊಂದು ಗಂಟೆಗೆ ಎರಡು ದೊಡ್ಡ ಚಮಚ ಸತ್ತುಹಿಟ್ಟನ್ನು ಮಜ್ಜಿಗೆಗೆ ಕಲಸಿ, ನಿಂಬೆ, ಜೀರಿಗೆ ಹಾಕಿದ ಪಾನಕ: 6 ಗ್ರಾಂ. ಹುರಿಗಡಲೆಯ ಹಿಟ್ಟೇ ಸತ್ತು, ಇಲ್ಲಿ ಛಾತು ಎನ್ನುತ್ತಾರೆ. ಬಿಹಾರದವರ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಡಬ್ಬಿಯ ಪ್ರೋಟೀನ್ ಪುಡಿಗೆ ಸಾವಿರಾರು ಕೊಡುವ ಅಗತ್ಯವೇ ಇಲ್ಲ. ಮಧ್ಯಾಹ್ನ ಅನ್ನ, ಗಟ್ಟಿ ಬೇಳೆ, ನನಗೆ ಬೌದಿಯ ಮೀನು: 26. ಮೀನು ಮುಟ್ಟದ ಅಮ್ಮನಿಗೆ ಅದರ ಬದಲು ಮೊಸರು, ಪನೀರು. ಸಂಜೆ ಒಂದು ಹಿಡಿ ಕಡಲೆಕಾಯಿ: 6. ರಾತ್ರಿ ಎರಡು ಚಪಾತಿ, ಕಾಳಿನ ಪಲ್ಯ: 13. ಕೂಡಿದರೆ ಎಪ್ಪತ್ತರ ಹತ್ತಿರ ಬಂತು. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ದಿನವಿಡೀ ಹಂಚಿಕೊಳ್ಳುವುದು ಮುಖ್ಯ. ಹಸಿವಿಲ್ಲದ ಮೊದಲ ವಾರಗಳಲ್ಲಿ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ತಿನ್ನುವುದೇ ದಾರಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಯವರು ಗಂಜಿ, ಸಾಬಕ್ಕಿ ಪಾಯಸದಂಥ ಪಥ್ಯದ ಬಗ್ಗೆ ಎಚ್ಚರವಾಗಿರಬೇಕು.

ಕಷಾಯ, ಅರಿಶಿನದ ಹಾಲು? ಅಮ್ಮ ಮಾಡಿಕೊಟ್ಟಳು, ಕುಡಿದೆ. ಗಂಟಲಿಗೆ ಹಿತ, ಹಾಲು ಹೊಟ್ಟೆಗೆ ಹೋಯಿತಲ್ಲ ಎಂಬ ಸಮಾಧಾನ. ಅದೇ ಔಷಧ ಎಂದುಕೊಂಡು ಊಟ ಬಿಡದಿದ್ದರೆ ಸರಿ. ವಿಟಮಿನ್ ಡಿ ಕಡಿಮೆಯಿದೆಯೇ ಎಂದು ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟೇ ತೆಗೆದುಕೊಂಡೆ. ಫ್ಲ್ಯಾಟಿನ ಹದಿನಾಲ್ಕನೇ ಮಹಡಿಯಲ್ಲಿ ಇದ್ದೂ ಬಿಸಿಲು ಕಾಣದವರು ನಾವು.

ಇನ್ನು ಕೈಕಾಲಿನ ವಿಷಯ. ಅಮ್ಮ ಬಂದ ದಿನವೇ ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ ಗಸಗಸ ತಿಕ್ಕಲು ತಯಾರಾಗಿದ್ದಳು. ಕೀಲು ಊದಿ ಬಿಸಿಯಾಗಿರುವಾಗ ಶಾಖ ಕೊಟ್ಟರೆ, ತಿಕ್ಕಿದರೆ ನೋವು ಹೆಚ್ಚಬಹುದು. ಆ ಹಂತದಲ್ಲಿ ತಣ್ಣನೆಯದೇ ಹಿತ: ಬಟ್ಟೆಯಲ್ಲಿ ಸುತ್ತಿದ ಐಸು, ಹತ್ತು ನಿಮಿಷ. ಊತ ಇಳಿದ ಮೇಲೆ ಬೆಳಗಿನ ಬಿಗಿತಕ್ಕೆ ಉಗುರುಬೆಚ್ಚನೆಯ ನೀರು. ನಾನು ಬಕೆಟ್ಟಿನಲ್ಲಿ ಕೈ ಇಳಿಬಿಟ್ಟು ಐದು ನಿಮಿಷ ಬೆರಳು ಮಡಚಿ ಬಿಡಿಸುತ್ತಿದ್ದೆ.

ವ್ಯಾಯಾಮಗಳು ಕೇಳಿದರೆ ನಗು ಬರುವಷ್ಟು ಸಣ್ಣವು. ಅಂಗೈಯಿಂದ ತಲೆಯ ಹಿಂಭಾಗ ಮುಟ್ಟುವುದು. ಕೂತಲ್ಲೇ ಪಾದವನ್ನು ನಿಧಾನವಾಗಿ ಸುತ್ತಿಸುವುದು. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟುವುದು. ಇವನ್ನು ನೋವಿನ ದಿನಗಳಲ್ಲೂ ದಿನಕ್ಕೆ ಮೂರ್ನಾಲ್ಕು ಸಲ ಮಾಡಬೇಕು, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ಊತ ಇಳಿದ ಮೇಲೆ ಬಲ ತುಂಬುವ ಕೆಲಸ. ನನ್ನ ಕೈಗೆ ಚಪಾತಿ ಹಿಟ್ಟನ್ನೇ ಕೊಟ್ಟರು, ಮೆತ್ತಗೆ ಕಲಸಿದ ಹಿಟ್ಟಿನ ಉಂಡೆಯನ್ನು ಹಿಸುಕುವುದು. ಒದ್ದೆ ಬಟ್ಟೆ ಹಿಂಡುವುದು, ತುಂಬಿದ ಬಕೆಟ್ ಎತ್ತುವುದು ತಿಂಗಳುಗಟ್ಟಲೆ ನಿಷಿದ್ಧ. ಕಾಲಿಗೆ, ಕುರ್ಚಿಯಿಂದ ಏಳುವುದೇ ವ್ಯಾಯಾಮ. ಮೊದಲು ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿ, ಬರಬರುತ್ತಾ ದಿಂಬು ತೆಗೆಯುವುದು. ಆಮೇಲೆ ರಬ್ಬರಿನಂತೆ ಎಳೆದರೆ ಹಿಗ್ಗುವ ಎಲಾಸ್ಟಿಕ್ ಪಟ್ಟಿ. ಬ್ರೆಜಿಲ್‌ನಲ್ಲಿ ಚಿಕೂನ್‌ಗುನ್ಯಾದ ಹಳೆಯ ನೋವಿದ್ದವರಿಗೆ ಇಂಥ ಪಟ್ಟಿಯಲ್ಲಿ 12 ವಾರ ವ್ಯಾಯಾಮ ಮಾಡಿಸಿ ಪರೀಕ್ಷಿಸಿದ್ದಾರೆ. ಕುರ್ಚಿಯಿಂದ ಏಳುವ ಶಕ್ತಿ ಸುಧಾರಿಸಿತು.

ಎಷ್ಟು ಮಾಡಬೇಕು ಎಂಬುದಕ್ಕೆ ಫಿಸಿಯೊ ಹುಡುಗಿ ಕೊಟ್ಟ ಅಳತೆ ನನಗೆ ಬಹಳ ಉಪಯೋಗಕ್ಕೆ ಬಂತು. ವ್ಯಾಯಾಮ ಮುಗಿದು ಎರಡು ಗಂಟೆಯ ನಂತರ ನೋವು ಮೊದಲಿಗಿಂತ ಹೆಚ್ಚಿದ್ದರೆ ಅತಿ ಮಾಡಿದಿರಿ ಎಂದು ಅರ್ಥ, ನಾಳೆ ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ. ನಡಿಗೆಗೆ ನಮ್ಮ ಕಾಂಪ್ಲೆಕ್ಸಿನ ಕಲ್ಲು ಬೆಂಚುಗಳೇ ಅಳತೆ. ಮೊದಲ ವಾರ ಒಂದು ಬೆಂಚು, ಕೂತು ವಾಪಸ್ಸು. ಎರಡನೇ ವಾರ ಎರಡು. ಇಕೋ ಪಾರ್ಕಿನ ಕೆರೆಯ ದಂಡೆ ಮುಟ್ಟಲು ನನಗೆ ಜನವರಿಯವರೆಗೆ ಹಿಡಿಯಿತು. ಅಲ್ಲಿಗೆ ಟೋಟೊದಲ್ಲಿ ಹೋಗಿದ್ದು ಎಂದು ಒಪ್ಪಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. "ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ" ಎಂಬ ಮಾತು ಎಲ್ಲರಿಗೂ ಹೊಂದುವುದಿಲ್ಲ. ಕೋಲ್ಕತ್ತದ ನಮ್ಮ ಕನ್ನಡ ಗೆಳೆಯರಲ್ಲೊಬ್ಬರಿಗೆ 2021ರ ಎರಡನೇ ಅಲೆಯಲ್ಲಿ ಕೋವಿಡ್ ಆಗಿತ್ತು. ಆಗ ನ್ಯೂ ಟೌನಿನ ಆಂಬುಲೆನ್ಸ್ ಸದ್ದು ಕೇಳಿದವರಿಗೆ ಆ ದಿನಗಳು ಮರೆತಿಲ್ಲ. ಅವರಿಗೆ ಆಸ್ಪತ್ರೆ ಬೇಕಾಗಲಿಲ್ಲ, ಮನೆಯಲ್ಲೇ ಗುಣವಾದರು. ಆಮೇಲೆ ಶುರುವಾಯಿತು ತೊಂದರೆ. ಭಾನುವಾರ ಹುರುಪಿನಿಂದ ಅರ್ಧ ಗಂಟೆ ನಡೆದರೆ ಮಂಗಳವಾರ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ತಲೆ ಮಂಜು, ಮೈಯೆಲ್ಲ ಸೀಸ. ಮನೆಯವರು, ಆಫೀಸಿನವರು "ವ್ಯಾಯಾಮ ಮಾಡಿ ಸ್ವಾಮಿ, ಸೋಮಾರಿತನ ಬಿಡಿ" ಎಂದರು. ಅವರು ಇನ್ನಷ್ಟು ನಡೆದರು, ಇನ್ನಷ್ಟು ಬಿದ್ದರು.

ಇದು ಸ್ನಾಯು ಸೊರಗಿದ ನಿಶ್ಶಕ್ತಿಯಲ್ಲ, ಬೇರೆಯೇ ಜಾತಿ. ಶ್ರಮದ ಬೆಲೆ ಅಂದೇ ಕಾಣದೆ ಒಂದೆರಡು ದಿನ ತಡವಾಗಿ ಬಂದು ಬೀಳಿಸುತ್ತದೆ. ಕೋವಿಡ್ ಆದ ಮೂರು ತಿಂಗಳಿಗೂ ಲಕ್ಷಣಗಳಿದ್ದು, ಎರಡು ತಿಂಗಳಾದರೂ ಉಳಿದು, ಬೇರೆ ಕಾರಣ ಸಿಗದಿದ್ದರೆ ಅದನ್ನು ದೀರ್ಘ ಕೋವಿಡ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಗುರುತಿಸಿತು. ಅದೇ ತಿಂಗಳು ಬ್ರಿಟನ್ನಿನ ನೈಸ್ ಸಂಸ್ಥೆ, ವೈರಸ್ ಕಾಯಿಲೆಗಳ ನಂತರವೂ ಬರಬಹುದಾದ ದೀರ್ಘಕಾಲದ ಆಯಾಸದ ರೋಗಕ್ಕೆ, ಲೆಕ್ಕ ಹಾಕಿ ಏರಿಸುತ್ತಾ ಹೋಗುವ ವ್ಯಾಯಾಮವನ್ನು ಚಿಕಿತ್ಸೆಯಾಗಿ ಕೊಡಬೇಡಿ ಎಂದು ತನ್ನ ಸಲಹೆಯನ್ನೇ ಬದಲಿಸಿತು. ಅಂಥವರಿಗೆ ದಾರಿ ಎಂದರೆ ಕೈಯಲ್ಲಿರುವ ಶಕ್ತಿಯನ್ನು ತಿಂಗಳ ಸಂಬಳದಂತೆ ಹಂಚಿ ಖರ್ಚು ಮಾಡುವುದು. ಸ್ನಾನ ಮಾಡಿದ ದಿನ ತಿರುಗಾಟ ಬೇಡ. ಸುಸ್ತಾಗುವ ಮೊದಲೇ ಕೂರಬೇಕು. ನಮ್ಮ ಗೆಳೆಯರು ಈಗ ಹಾಗೇ ಬದುಕುತ್ತಿದ್ದಾರೆ, ಬೀಳುವುದು ಕಡಿಮೆಯಾಗಿದೆ. ಹಾಗಾಗಿ ನಿಮಗೋ ನಿಮ್ಮವರಿಗೋ ಶ್ರಮದ ಮರುದಿನ, ಮೂರನೇ ದಿನ ಏನಾಗುತ್ತದೆ ಎಂದು ಮೊದಲು ಒಂದೆರಡು ವಾರ ಬರೆದಿಡಿ. ಯಾವ ದಾರಿ ನಿಮ್ಮದು ಎಂದು ಡಾಕ್ಟರಿಗೆ ಆ ಪುಸ್ತಕವೇ ಹೇಳುತ್ತದೆ.

ಇನ್ನೊಂದು ಮಾತು. ಮೂರು ತಿಂಗಳಾದರೂ ಕೀಲಿನ ಊತ, ಬೆಳಗಿನ ಬಿಗಿತ ಹೋಗದಿದ್ದರೆ ಸಂಧಿವಾತದ ತಜ್ಞರನ್ನು ಕಾಣಬೇಕು. ಚಿಕೂನ್‌ಗುನ್ಯಾದ ಹೆಸರಿನಲ್ಲಿ ಬೇರೆ ಸಂಧಿವಾತ ಅಡಗಿರಬಹುದು, ಅದಕ್ಕೆ ಬೇರೆಯೇ ಔಷಧವಿದೆ. ರಾತ್ರಿ ಬೆರಳು ಜುಮ್ಮೆನ್ನುವುದು, ಒಂದೇ ಕೀಲು ಕೆಂಪಾಗಿ ಊದುವುದು, ಮತ್ತೆ ಜ್ವರ, ಎದೆನೋವು, ಉಸಿರು ಕಟ್ಟುವುದು, ಇವು ಕಂಡರೆ ಕಾಯುವಂತಿಲ್ಲ.

ಅಮ್ಮ ನಮ್ಮಲ್ಲಿ ಮೂರೂವರೆ ತಿಂಗಳಿದ್ದಳು. ಬೌದಿ ಅವಳಿಗೆ "ಮಾಶಿಮಾ", ಭಾಷೆ ಒಬ್ಬರಿಗೊಬ್ಬರದು ಬಾರದು. ಮನೆಗೆಲಸದ ದೀದಿ ನೆಲದಲ್ಲಿ ಕೂತು ಬೋಂಟಿಯಲ್ಲಿ ತರಕಾರಿ ಹೆಚ್ಚುವುದನ್ನು ಮೊದಲ ಸಲ ನೋಡಿದಾಗ ಅಮ್ಮ, "ನಮ್ ಈಳಿಗೆಮಣೆ ಕಣೇ ಇದು!" ಎಂದು ಹತ್ತಿರ ಹೋದಳು. ಕೂರಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಒಂದು ಕ್ಷಣ ಹಾಗೇ ನಿಂತು, ಏನೂ ಹೇಳದೆ ಸೋಫಾಗೆ ವಾಪಸ್ಸು ಬಂದಳು. ಆ ರಾತ್ರಿ ನಾನು ಅವಳಿಗೆ 2006ರ ಗಂಜಿಯ ವಿಷಯ ಹೇಳಿದೆ. ಬೇಳೆ, ಮೊಟ್ಟೆ ಬಿಡಿಸಿ ತಪ್ಪು ಮಾಡಿದೆ ಅಮ್ಮಾ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಂಗೇನ್ ಗೊತ್ತಿತ್ತು? ನಾನೇ ತಾನೆ ನಿಂಗೆ ಕಲ್ಸಿದ್ದು" ಎಂದಳು. ಆಮೇಲೆ, "ನಾಳೆಯಿಂದ ನಂಗೂ ಎರಡು ಮೊಟ್ಟೆ ಇಡು" ಎಂದಳು. ಅಲ್ಲಿಯವರೆಗೆ ಒಂದೇ ತಿನ್ನುತ್ತಿದ್ದಳು, ಅದೂ ನನ್ನ ಬಲವಂತಕ್ಕೆ.

ಹೊರಡುವ ವಾರ ಕುರ್ಚಿಯ ಪರೀಕ್ಷೆಯಲ್ಲಿ ಅವಳದು ಎಂಟು, ನನ್ನದು ಹದಿನೈದು. ನೆಲದಲ್ಲಿ ಕೂರುವುದು ಅವಳಿಗೆ ಈಗಲೂ ಆಗುವುದಿಲ್ಲ, ಇಪ್ಪತ್ತು ವರ್ಷದ ಮೊಣಕಾಲು ಮೂರು ತಿಂಗಳಿಗೆ ಹಿಂದಕ್ಕೆ ಬರುವುದಿಲ್ಲ. ನನ್ನ ಎಡಗೈಯ ಉಂಗುರದ ಬೆರಳು ಚಳಿಯ ದಿನಗಳಲ್ಲಿ ಇನ್ನೂ ಪೂರ್ತಿ ಮಡಚುವುದಿಲ್ಲ. ಆದರೆ ಕುಕ್ಕರಿನ ಮುಚ್ಚಳ ತೆಗೆಯುತ್ತೇನೆ.

ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ದೂರದ ನಗರಗಳಲ್ಲಿರುವ ನಮಗೆ ಆರೈಕೆ ಎಂದರೆ ಬಹುಪಾಲು ಫೋನಿನಲ್ಲೇ. "ಜ್ವರ ಬಿಡ್ತಾ? ಮಾತ್ರೆ ತಗೊಂಡ್ರಾ? ರೆಸ್ಟ್ ಮಾಡಿ" ಎಂದು ಹೇಳಿ ಇಟ್ಟುಬಿಡುತ್ತೇವೆ. ಜ್ವರ ಬಿಟ್ಟ ಮೇಲೆಯೇ ಕೇಳಬೇಕಾದ ಎರಡು ಪ್ರಶ್ನೆಗಳಿವೆ: ಇವತ್ತು ಏನೇನು ತಿಂದಿರಿ? ಎಷ್ಟು ಸಲ ಎದ್ದು ಓಡಾಡಿದಿರಿ? ಉತ್ತರ "ಗಂಜಿ", "ಮಲಗಿದ್ದೆ" ಎಂದು ಬಂದರೆ, ಮರುದಿನ ಬೆಳಿಗ್ಗೆ ಮತ್ತೆ ಫೋನು ಮಾಡಿ.